ಉಣ್ಣೆ ಅಲ್ಲದ್ದನ್ನು ಉಣ್ಣೆ ಎನ್ನಬೇಡಿ

ಮಾನ್ಯ ಸಂಪಾದಕರೇ,

ಎರಡು ಭಾನುವಾರಗಳ ಹಿಂದೆ ನಿಮ್ಮ ಪುರವಣಿಯ ಮಹಿಳಾ ಪುಟದಲ್ಲಿ ಹೆಣಿಗೆ ಮತ್ತು ಕ್ರೋಶಾ (ಒಂದೇ ಕೊಕ್ಕೆಯಿಂದ ಹಾಕುವ ಹೆಣಿಗೆ) ಕಲಿಯಬಯಸುವವರಿಗೆ ಒಂದು ಲೇಖನ ಬಂದಿತ್ತು. ಕಣ್ಣಿಗೆ ಹಿಡಿಸಿದ, ಕೈಗೆ ಮೆತ್ತಗೆನಿಸಿದ ಯಾವುದಾದರೂ ಉಣ್ಣೆಯನ್ನು ತಂದು ಶುರು ಮಾಡಿ, ಉಳಿದದ್ದು ತಾನಾಗಿ ಬರುತ್ತದೆ ಎಂಬುದು ಅದರ ಸಾರ. ಅದನ್ನು ಓದಿದವನೇ ಚಹಾದ ಲೋಟ ಕೆಳಗಿಟ್ಟೆ. ಆ ಸಲಹೆಯನ್ನು ಯಾರೂ ಕೊಡುವ ಮೊದಲೇ ಚಾಚೂ ತಪ್ಪದೆ ಪಾಲಿಸಿ ಕೆಟ್ಟವನು ನಾನು. ಆದ್ದರಿಂದ ಈ ಪತ್ರ. ಉದ್ದವಾಗಿದೆ, ಗೊತ್ತಿದೆ. ಕತ್ತರಿ ಹಾಕುವುದಾದರೆ ನನ್ನ ಪರಿಚಯಕ್ಕೆ ಹಾಕಿ, ನೂಲಿನ ವಿಷಯಕ್ಕೆ ಬೇಡ.

ನನಗೆ ಈಗ 71 ವರ್ಷ. ಹುಟ್ಟಿದ್ದು ಗೋಕಾಕ ತಾಲ್ಲೂಕಿನಲ್ಲಿ. ಅಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿದ್ದರು. ಹತ್ತೊಂಬತ್ತರ ವಯಸ್ಸಿಗೆ ಮುಂಬಯಿಗೆ ಬಂದೆ. ಲಾಲ್‌ಬಾಗಿನ ಖೋಲಿಯೊಂದರಲ್ಲಿ ಊರಿನವರ ಜೊತೆ ಪಾಳಿಯ ಮೇಲೆ ಮಲಗುತ್ತ, ಪರೇಲಿನ ಗಿರಣಿಯೊಂದರಲ್ಲಿ ಮೊದಲು ಬದಲಿಯಾಗಿ, ಆಮೇಲೆ ಕಾಯಂ ಆಗಿ ದುಡಿದೆ. ನನ್ನದು ಡಬ್ಲಿಂಗ್ ಖಾತೆ. ಒಂಟಿ ಎಳೆಗಳನ್ನು ಜೋಡಿಸಿ, ಹುರಿ ಹಾಕಿ, ಎರಡೆಳೆ ಮೂರೆಳೆಯ ನೂಲು ಮಾಡುವುದು ಅಲ್ಲಿಯ ಕೆಲಸ. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಹೊರಗೆ ಬಂದ ಸುಮಾರು ಎರಡೂವರೆ ಲಕ್ಷ ಮಂದಿಯಲ್ಲಿ ನಾನೂ ಒಬ್ಬ. ನನ್ನ ಪಾಲಿಗೆ ಗಿರಣಿಯ ಭೋಂಗಾ ಮತ್ತೆ ಕೂಗಲಿಲ್ಲ. ಆಮೇಲೆ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕುಳಿತು ಆಯುಷ್ಯ ಕಳೆದೆ. ಅದು ಇಲ್ಲಿ ಬೇಡ. ನೂಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಮಾತ್ರ ಈ ನಲವತ್ತು ವರ್ಷಗಳಲ್ಲಿ ಸವೆದಿರಲಿಲ್ಲ ಎಂಬುದಷ್ಟನ್ನು ಹೇಳಬೇಕಿತ್ತು.

ಕಳೆದ ದೀಪಾವಳಿಯ ನಂತರ ಎರಡನೆಯ ಇಯತ್ತೆಯಲ್ಲಿರುವ ಮೊಮ್ಮಗಳು ಕಪ್ಪು ಬೆಕ್ಕು ಬೇಕೆಂದು ಹಟ ಹಿಡಿದಳು. ಜೀವಂತ ಬೆಕ್ಕಲ್ಲ, ಗೆಳತಿಯ ಬಳಿ ಇರುವಂಥ ಕ್ರೋಶಾದ ಬೊಂಬೆ. ನಮ್ಮ ಡೊಂಬಿವಲಿಯ ಕಟ್ಟಡದ ಕೆಳಮಹಡಿಯಲ್ಲಿರುವ ವಹಿನಿಯವರು (ಮರಾಠಿಯಲ್ಲಿ ವಹಿನಿ ಎಂದರೆ ಅತ್ತಿಗೆ, ನೆರೆಯವರನ್ನೂ ಹಾಗೆನ್ನುತ್ತೇವೆ) ಕ್ರೋಶಾ ಬಲ್ಲವರು. ಮೊಣಕಾಲು ನೋವಿನಿಂದ ಮನೆಯಲ್ಲೇ ಕುಳಿತಿದ್ದ ನನಗೆ, ಹೇಳಿಕೊಡುತ್ತೇನೆ ಬನ್ನಿ ಭಾವೋಜಿ ಎಂದರು. ನೂಲು ತರುವುದಕ್ಕೂ ತಾವೇ ಬರುತ್ತೇನೆ ಎಂದಿದ್ದರು. ನೂಲು ಆರಿಸುವುದನ್ನು ನನಗೆ ಕಲಿಸುವುದೇ? ಒಬ್ಬನೇ ದಾದರಿಗೆ ಹೋದೆ.

ಅಂಗಡಿಯಲ್ಲಿ ‘ಲೋಕರ್’ ಬೇಕು ಎಂದೆ. ಲೋಕರ್ ಎಂದರೆ ಮರಾಠಿಯಲ್ಲಿ ಉಣ್ಣೆ. ಹುಡುಗ ಗೋಡೆಯ ತುಂಬ ಇದ್ದದ್ದನ್ನೆಲ್ಲ ತೋರಿಸಿ, ಇದೆಲ್ಲ ಲೋಕರ್ ಎಂದ. ಮೊಮ್ಮಗಳ ಬೆಕ್ಕು ನೆನಪಾಗಿ, ಮಖಮಲಿನ ಹಾಗೆ ಜುಮ್ಮೆನ್ನುವ ಕಪ್ಪು ನೂಲಿನ ಮೂರು ಉಂಡೆ ಕೊಂಡೆ. ಕಣ್ಣಿಗೆ ಹಿಡಿಸಿತ್ತು. ಕೈಗೆ ಮೆತ್ತಗಿತ್ತು. ನಿಮ್ಮ ಲೇಖಕಿ ಜೊತೆಯಲ್ಲಿದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಆಮೇಲಿನ ಹನ್ನೊಂದು ದಿನ ನನ್ನ ಮನೆಯವರನ್ನೇ ಕೇಳಬೇಕು. ಚೈನು ಹಾಕಿದೆ, ಬಂತು. ಎರಡನೆಯ ಸುತ್ತಿಗೆ ಬಂದಾಗ ಕೊಕ್ಕೆಯನ್ನು ಎಲ್ಲಿ ತೂರಿಸಬೇಕೆಂದು ಕಾಣಿಸುವುದೇ ಇಲ್ಲ. ಕಪ್ಪು ನೂಲು, ಅದರ ಮೇಲೆ ಕೂದಲು, ಟ್ಯೂಬ್‌ಲೈಟಿನ ಬೆಳಕು, ಆಪರೇಷನ್ ಆದ ಕಣ್ಣು. ಇಪ್ಪತ್ತು ಕುಣಿಕೆ ಇದ್ದದ್ದು ಹದಿನೇಳಾಗುತ್ತಿತ್ತು, ಮರುದಿನ ಇಪ್ಪತ್ತಮೂರು. ಬಿಚ್ಚಿ ಮತ್ತೆ ಹಾಕೋಣವೆಂದರೆ ರೋಮ ಉದುರಿ ನಡುವಿನ ಬೋಳು ದಾರ ಹೊರಗೆ ಬರುತ್ತಿತ್ತು. ಮಗ ನಕ್ಕ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದಳು ನನ್ನ ಹೆಂಡತಿ, ಪಲ್ಯಕ್ಕೆ ಒಗ್ಗರಣೆ ಹಾಕುತ್ತ, ತಿರುಗಿಯೂ ನೋಡದೆ.

ಸಂಪಾದಕರೇ, ನೆಲ ನಿಜಕ್ಕೂ ಡೊಂಕಾಗಿತ್ತು. ಇದನ್ನು ಹೇಳುವುದಕ್ಕೇ ನಾನು ಕುಳಿತಿರುವುದು. ಕಲಿಯಲು ಹೊರಟು ಎರಡೇ ವಾರದಲ್ಲಿ ಕೈಬಿಟ್ಟು, ನನ್ನ ಕೈಯೇ ಒರಟು, ನನ್ನಿಂದ ಆಗದು ಎಂದು ಮೂಲೆಗೆ ಸರಿದವರನ್ನು ನಮ್ಮ ಕಟ್ಟಡದಲ್ಲೇ ಮೂವರನ್ನು ತೋರಿಸಬಲ್ಲೆ. ಮೂವರೂ ಹಿಡಿದದ್ದು ತಪ್ಪು ನೂಲು.

ನಾನು ಕೊಂಡಿದ್ದ ನೂಲಿನ ಹೆಸರು ಚೆನಿಲ್. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಕಂಬಳಿಹುಳು ಎಂದೇ ಅರ್ಥ. ಎರಡು ಸಣ್ಣ ದಾರಗಳನ್ನು ಹೊಸೆಯುವಾಗ ಅವುಗಳ ನಡುವೆ ಚಿಕ್ಕ ಚಿಕ್ಕ ತುಂಡು ಎಳೆಗಳನ್ನು ಅಡ್ಡಕ್ಕೆ ಸಿಕ್ಕಿಸಿ ಮಾಡುವ ನೂಲು ಅದು. ಆ ರೋಮಗಳನ್ನು ಹಿಡಿದಿರುವುದು ಬರೀ ಹುರಿ. ಹತ್ತು ಸಲ ಬಿಚ್ಚಿ ಹಾಕಿದರೆ ಉದುರದೆ ಏನು ಮಾಡೀತು? ಹೊಸಬನು ಮಾಡುವ ಮುಖ್ಯ ಕೆಲಸವೇ ಬಿಚ್ಚುವುದು. ಬಿಚ್ಚಿಸಿಕೊಳ್ಳಲಾರದ ನೂಲು ಅವನ ಕೈಗೆ ಬರಲೇಬಾರದು. ಇದು ಡಬ್ಲಿಂಗ್ ಖಾತೆಯವನಿಗೆ ಅಂಗಡಿಯಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಣ್ಣ ನೋಡಿ ಮರುಳಾದೆ.

ವಹಿನಿಯವರು ನನ್ನ ಕಪ್ಪು ಗಂಟನ್ನು ನೋಡಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ಗೋಧಿ ಬಣ್ಣದ, ನುಣುಪಾದ, ನಾಲ್ಕೆಳೆಯ ಒಂದು ಸಾದಾ ಉಂಡೆಯನ್ನೂ 5 ಮಿಲಿಮೀಟರಿನ ಕೊಕ್ಕೆಯನ್ನೂ ತಂದು ಕೈಗಿಟ್ಟರು. ಬೆಕ್ಕು ಪಕ್ಕಕ್ಕಿರಲಿ, ಹದಿನೈದು ಕುಣಿಕೆಯ ಚೌಕ ಹಾಕಿ ಎಂದರು. ಮೊದಲ ಸಂಜೆಯೇ ‘ಮುಕಾ ಖಾಂಬ’ ಕೂತಿತು. ಮರಾಠಿಯಲ್ಲಿ ಕ್ರೋಶಾದ ಗಿಡ್ಡ ಹೆಣಿಗೆಗೆ ಹಾಗೆನ್ನುತ್ತಾರೆ: ಮೂಕ ಕಂಬ. ಎಂಥ ಹೆಸರು! ಮೂರನೆಯ ದಿನಕ್ಕೆ ಚೌಕದ ಅಂಚು ನೆಟ್ಟಗಾಯಿತು. ಕೈ ಅದೇ, ಕಣ್ಣೂ ಅದೇ.

ತಿಳಿ ಬಣ್ಣ ಏಕೆಂದರೆ ಕುಣಿಕೆಯ ನೆರಳು ಕುಣಿಕೆಯ ಮೇಲೆ ಬೀಳುವುದು ಕಾಣುತ್ತದೆ. ಅಪ್ಪಟ ಬಿಳಿ ಬೇಡ, ನಮ್ಮ ಲೋಕಲ್ ರೈಲಿನಲ್ಲಿ ಹಿಡಿದು ಕುಳಿತರೆ ಕಲ್ಯಾಣ ಬರುವಷ್ಟರಲ್ಲಿ ಬೂದು ಆಗುತ್ತದೆ. ಉಂಡೆಯಲ್ಲೇ ಬಣ್ಣ ಬದಲಾಗುತ್ತ ಹೋಗುವ ನೂಲೂ ಮೊದಲಿಗೆ ಬೇಡ; ಬಣ್ಣದ ಗಡಿಯನ್ನು ಕುಣಿಕೆಯ ಗಡಿ ಎಂದು ಕಣ್ಣು ಮೋಸ ಹೋಗುತ್ತದೆ. ನಡುವಣ ದಪ್ಪವಿರಬೇಕು. ಸಣ್ಣ ದಾರದಲ್ಲಿ ಕೆಲಸ ಸಾಗುವುದೇ ಇಲ್ಲ, ಹಗ್ಗದಂಥದ್ದರಲ್ಲಿ ಮಣಿಕಟ್ಟು ನೋಯುತ್ತದೆ.

ಹುರಿಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳುತ್ತೇನೆ, ಅದು ನನ್ನ ಖಾತೆ. ಅಂಗಡಿಯಲ್ಲಿ ನೂಲಿನ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದು, ಹುರಿಗೆ ಎದುರಾಗಿ ತಿರುಗಿಸಿ. ಎರಡೇ ತಿರುವಿಗೆ ಎಳೆಗಳು ಹುಲ್ಲಿನ ಸಿವುಡು ಬಿಚ್ಚಿದಂತೆ ಚೆದುರಿದರೆ, ಆ ನೂಲು ಎಷ್ಟೇ ಮೆತ್ತಗಿರಲಿ, ವಾಪಸ್ ಇಡಿ. ಕೊಕ್ಕೆಯ ತುದಿ ನೂಲಿನ ಕೆಳಗೆ ಹೋಗುವ ಬದಲು ನಡುವೆ ಹೊಕ್ಕು ಅರ್ಧ ಎಳೆಯನ್ನಷ್ಟೇ ಎತ್ತಿಕೊಂಡು ಬರುತ್ತದೆ. ಮೆತ್ತಗಿರಲಿ ಎಂದೇ ಎಷ್ಟೋ ನೂಲಿಗೆ ಹುರಿ ಕಡಿಮೆ ಹಾಕಿರುತ್ತಾರೆ. ಹೆಣಿಗೆಯ ಎರಡು ಕಡ್ಡಿಗಳು ಇದನ್ನು ಅಷ್ಟಿಷ್ಟು ಸಹಿಸುತ್ತವೆ, ಕ್ರೋಶಾದ ಕೊಕ್ಕೆ ಸಹಿಸದು. ಹುರಿ ತೀರ ಹೆಚ್ಚಾಗಿದ್ದರೂ ತೊಂದರೆಯೇ. ಒಂದು ಮೊಳ ನೂಲನ್ನು ಎಳೆದು ಹಿಡಿದು ಎರಡೂ ತುದಿಗಳನ್ನು ಹತ್ತಿರ ತನ್ನಿ. ಅದು ತನ್ನಷ್ಟಕ್ಕೆ ಹಾವಿನಂತೆ ಸುತ್ತಿಕೊಂಡರೆ ಕೆಲಸದ ನಡುವೆಯೂ ಹಾಗೆಯೇ ಸುತ್ತಿಕೊಳ್ಳುತ್ತದೆ. ಗಿರಣಿಯಲ್ಲಿ ಇಂಥ ನೂಲಿಗೆ ನಮ್ಮ ಜಾಬರ್, ಅಂದರೆ ಖಾತೆಯ ಮುಕದ್ದಮ, ಹೇಳುತ್ತಿದ್ದ ಹೆಸರನ್ನು ನೀವು ಅಚ್ಚು ಹಾಕಲಾರಿರಿ.

ಈಗ ನಂಬರಿನ ಗೊಂದಲ. ಗಿರಣಿಯವರಿಗೆ ನಂಬರ್ ಎಂದರೆ ಕೌಂಟ್. ಒಂದು ಪೌಂಡ್ ತೂಕದ ಹತ್ತಿ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಾಗುತ್ತವೆಯೋ ಅದೇ ಕೌಂಟ್. ಇಪ್ಪತ್ತು ಲಡಿಯಾದರೆ 20ರ ನೂಲು, ನಲವತ್ತಾದರೆ 40ರ ನೂಲು. ನಂಬರ್ ಏರಿದಷ್ಟೂ ಎಳೆ ಸಣ್ಣ. ಲೇಸು ಹಾಕುವ ಹತ್ತಿ ದಾರದಲ್ಲೂ ಹಾಗೆಯೇ, 40 ನಂಬರು 20ಕ್ಕಿಂತ ತೆಳು. ಆದರೆ ಹೆಣಿಗೆ ನೂಲಿಗೆ ಅಮೆರಿಕದವರು ಮಾಡಿಟ್ಟ ಪಟ್ಟಿಯಲ್ಲಿ 0ಯಿಂದ 7ರವರೆಗೆ ಅಂಕಿಗಳು, ಅಲ್ಲಿ 0 ಎಂದರೆ ಜೇಡರ ಬಲೆ, 7 ಎಂದರೆ ಬಾವಿ ಹಗ್ಗ. ನನ್ನ ಹೆಂಡತಿಯ ಹಳೆಯ ಅಲ್ಯುಮಿನಿಯಂ ಕಡ್ಡಿಗಳ ನಂಬರು ಮತ್ತೆ ಉಲ್ಟಾ: ಬ್ರಿಟಿಷರ ಹಳೆಯ ಲೆಕ್ಕದ 8 ನಂಬರ್ ಕಡ್ಡಿ ಎಂದರೆ 4 ಮಿಲಿಮೀಟರ್, 10 ನಂಬರ್ ಎಂದರೆ 3.25, 12 ಎಂದರೆ 2.75. ಇನ್ನು ‘ಪ್ಲೈ’ ಎಂಬುದಂತೂ ಶುದ್ಧ ಮಾಯೆ. ಪ್ಲೈ ಎಂದರೆ ಎಳೆ. ನಾಲ್ಕು ಸಣ್ಣ ಎಳೆ ಹೊಸೆದರೂ ನಾಲ್ಕೆಳೆ, ನಾಲ್ಕು ದಪ್ಪ ಎಳೆ ಹೊಸೆದರೂ ನಾಲ್ಕೆಳೆ. ಬ್ರಿಟಿಷ್ ನಮೂನೆಯ ಪುಸ್ತಕದಲ್ಲಿ 4 ಪ್ಲೈ ಎಂದರೆ ಕಾಲುಚೀಲಕ್ಕೆ ತಕ್ಕ ತೆಳು ನೂಲು. ಅಮೆರಿಕದಲ್ಲಿ ಅದೇ ಮಾತಿಗೆ ಸ್ವೆಟರಿನ ದಪ್ಪ ನೂಲು ಬರಬಹುದು. ವಹಿನಿಯವರು ಕೊಟ್ಟದ್ದೂ ನಾಲ್ಕೆಳೆಯೇ, ಆದರೆ ದಪ್ಪ.

ಹಾಗಾಗಿ ಹೊಸಬರು ಎಲ್ಲ ನಂಬರುಗಳನ್ನು ಬಿಟ್ಟು ಎರಡನ್ನೇ ಹಿಡಿಯಲಿ: ಕಡ್ಡಿಗೆ ಮಿಲಿಮೀಟರ್, ನೂಲಿಗೆ 100 ಗ್ರಾಮಿಗೆ ಎಷ್ಟು ಮೀಟರ್ ಎಂಬುದು. ಒಳ್ಳೆಯ ಉಂಡೆಗೆ ಸುತ್ತಿದ ಚೀಟಿಯಲ್ಲಿ ಎರಡೂ ಇರುತ್ತವೆ. ಅಕ್ರಿಲಿಕ್ಕಿನಲ್ಲಾಗಲಿ ಉಣ್ಣೆಯಲ್ಲಾಗಲಿ 100 ಗ್ರಾಮಿಗೆ ಸುಮಾರು 200ರಿಂದ 250 ಮೀಟರ್ ಬಂದರೆ, 4ರಿಂದ 5 ಮಿಲಿಮೀಟರಿನ ಕಡ್ಡಿಗೆ ಹೊಂದುವ ನಡುವಣ ನೂಲು ಎಂದು ತಿಳಿಯಬಹುದು. ಚೀಟಿಯೇ ಇಲ್ಲದೆ ತೂಕದ ಮೇಲೆ ಮಾರುವ ಲಡಿಗಳಿಗೆ ನನ್ನದೊಂದು ಗಿರಣಿ ಉಪಾಯವಿದೆ. ನಮ್ಮಲ್ಲಿ ನೂಲನ್ನು ಚಕ್ರಕ್ಕೆ ಎಂಬತ್ತು ಸುತ್ತು ಸುತ್ತಿ, 120 ಗಜವನ್ನು ತೂಗಿ ಕೌಂಟ್ ಕಂಡುಹಿಡಿಯುತ್ತಿದ್ದೆವು. ಮನೆಯಲ್ಲಿ 10 ಮೀಟರ್ ಅಳೆದು, ಸೊಸೆಯ ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಹಾಕಿ. ನಾಲ್ಕರಿಂದ ಐದು ಗ್ರಾಮ್ ತೂಗಿದರೆ ಅದೇ ನಡುವಣ ನೂಲು. ತಕ್ಕಡಿ ಇಲ್ಲದವರು ಪೆನ್ಸಿಲಿಗೆ ಒಂದು ಇಂಚಿನಷ್ಟು ಅಗಲಕ್ಕೆ, ಒತ್ತದೆ, ಬಿಡಿಯಾಗಿಸದೆ, ಪಕ್ಕಪಕ್ಕಕ್ಕೆ ಸುತ್ತಿ ಎಣಿಸಲಿ. ಹತ್ತರಿಂದ ಹದಿಮೂರು ಸುತ್ತು ಬಂದರೆ ಧೈರ್ಯವಾಗಿ ಶುರು ಮಾಡಬಹುದು.

ಇನ್ನು ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಅದು ಅಂಗಡಿಯವರ ಮೇಲೆ ಎಷ್ಟೋ ಅಷ್ಟೇ ನಿಮ್ಮ ಪತ್ರಿಕೆಯ ಮೇಲೂ ಇದೆ.

ಆ ಲೇಖನದಲ್ಲಿ ಹೆಣಿಗೆಯ ನೂಲಿಗೆಲ್ಲ ‘ಉಣ್ಣೆ’ ಎಂದು ಬರೆದಿದ್ದೀರಿ. ನಾನು ಎಣಿಸಿದೆ, ಹದಿನಾಲ್ಕು ಸಲ. ಉಣ್ಣೆ ಎಂದರೆ ಕುರಿಯ ಮೈಮೇಲೆ ಬೆಳೆಯುವುದು. ನಮ್ಮ ಊರ ಕಡೆ ಕುರುಬರು ಕುರಿ ಕಾಯುತ್ತ, ನಡೆಯುತ್ತ ನಡೆಯುತ್ತಲೇ ತಕಲಿ ತಿರುಗಿಸಿ ನೂಲುತ್ತಿದ್ದುದನ್ನು ಕಂಡಿದ್ದೇನೆ. ಗಂಡಸರೇ ನೂಲುತ್ತಿದ್ದರು, ಮಹಿಳಾ ಪುಟದವರಿಗೆ ತಿಳಿದಿರಲಿ. ದಖ್ಖನಿ ಕುರಿಯ ಕರಿಯ ಉಣ್ಣೆ, ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿ. ಚರ್ಮಕ್ಕೆ ಚುಚ್ಚುತ್ತದೆ, ಆದರೆ ಮಳೆಯಲ್ಲಿ ತಲೆಯ ಮೇಲೆ ಹೊದ್ದುಕೊಂಡರೆ ಹೊಲದಿಂದ ಮನೆಯವರೆಗೆ ನೀರು ಇಳಿಯುವುದಿಲ್ಲ. ಅದು ಉಣ್ಣೆ. ಆಸ್ಟ್ರೇಲಿಯದ ಮೆರಿನೋ ಕುರಿಯದ್ದೂ ಉಣ್ಣೆ, ಅದರ ಎಳೆ ಮಾತ್ರ ಬಹಳ ನವುರು.

ಮುಂಬಯಿಯ ಅಂಗಡಿಗಳಲ್ಲಿ ಲೋಕರ್ ಎಂದೂ ಉಲ್ಲನ್ ಎಂದೂ ಮಾರುವ ನೂಲಿನಲ್ಲಿ ಹೆಚ್ಚಿನದು ಅಕ್ರಿಲಿಕ್. ಪೆಟ್ರೋಲಿಯಮ್ ಮೂಲದಿಂದ ಕಾರ್ಖಾನೆಯಲ್ಲಿ ತಯಾರಾದ ಎಳೆ. ಕುರಿ ಅದನ್ನು ಮೂಸಿಯೂ ನೋಡಿರುವುದಿಲ್ಲ. ಡಿಸೆಂಬರಿನಲ್ಲಿ ನಾನು ಇನ್ನೊಂದು ಅಂಗಡಿಯಲ್ಲಿ, ನೂರಕ್ಕೆ ನೂರು ಉಣ್ಣೆ ಎಂಬ ಆಣೆಯ ಮೇಲೆ, ಚೀಟಿಯಿಲ್ಲದ ಒಂದು ಲಡಿ ತಂದೆ. ಗ್ಯಾಲರಿಯಲ್ಲಿ ನಿಂತು, ಒಂದು ತುಂಡನ್ನು ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆಯಲ್ಲಿ ನೀರಿಟ್ಟು ಬೆಂಕಿ ತಾಗಿಸಿದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಬೆಂಕಿ ತೆಗೆದರೆ ತಾನೇ ನಂದುತ್ತದೆ, ಬೂದಿಯನ್ನು ಬೆರಳಲ್ಲಿ ಪುಡಿ ಮಾಡಬಹುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ನನ್ನ ಲಡಿ ಕರಗಿ, ತೊಟ್ಟಿಕ್ಕಿ, ಕರಿಮಣಿಯಂಥ ಗಟ್ಟಿ ಗುಂಡಾಯಿತು. ಅಂಗಡಿಯವನಿಗೆ ಆ ಕರಿಮಣಿಯನ್ನು ಕಾಗದದಲ್ಲಿ ಕಟ್ಟಿ ಒಯ್ದು ತೋರಿಸಿದೆ. ಅವನು ಸಿಟ್ಟಾಗಲಿಲ್ಲ. ‘ಆಜೋಬಾ (ಅಜ್ಜಾ), ಎಲ್ಲರೂ ಇದನ್ನೇ ಲೋಕರ್ ಎನ್ನುತ್ತಾರಲ್ಲ’ ಎಂದ. ಅವನ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಅಚ್ಚಿನಲ್ಲೇ ಹಾಗೆ ಬರುತ್ತಿರುವಾಗ. (ಈ ಪರೀಕ್ಷೆಯನ್ನು ಮಕ್ಕಳ ಮುಂದೆ, ಸೀರೆಯ ಸೆರಗಿನ ಹತ್ತಿರ ಮಾಡಬೇಡಿ. ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಕಿತ್ತು ಬರುವುದಿಲ್ಲ.)

ಅಕ್ರಿಲಿಕ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ವಹಿನಿಯವರು ಕೊಟ್ಟ ಗೋಧಿ ಬಣ್ಣದ ಉಂಡೆಯೂ ಲುಧಿಯಾನಾದ ಅಕ್ರಿಲಿಕ್ಕೇ. ಬೆಲೆ ಕಡಿಮೆ, ತೊಳೆದರೆ ಕುಗ್ಗುವುದಿಲ್ಲ, ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟರೂ ನುಸಿ ತಿನ್ನುವುದಿಲ್ಲ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಬೆವರುವ ಕೈಯಲ್ಲಿ ಲೋಹದ ಕಡ್ಡಿಗೆ ಅಂಟಿದಂತಾಗುವುದು ಒಂದೇ ಅದರ ದೋಷ. ಬೆರಳಿಗೆ ಚೂರು ಟಾಲ್ಕಂ ಪೌಡರ್ ಹಚ್ಚಿದರೆ ಸಾಕು. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು. ಹೆಸರು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಮನೆಯ ಹಂಚೇ ಸಾಕ್ಷಿ.

ನನ್ನ ಮೊದಲ ಚೌಕ ನೆಟ್ಟಗೆ ಬಂದ ಖುಷಿಗೆ, ಎರಡು ಚೌಕ ಸೇರಿಸಿ ಹೊಲಿದು, ರೊಟ್ಟಿ ಬಡಿಯುವಾಗ ಹಂಚು ಹಿಡಿಯಲಿ ಎಂದು ಹೆಂಡತಿಗೆ ಕೊಟ್ಟೆ. ಮದುವೆಯಾಗಿ 46 ವರ್ಷಕ್ಕೆ ನನ್ನ ಕೈಯಿಂದ ಮಾಡಿ ಕೊಟ್ಟ ಮೊದಲ ವಸ್ತು. ಅವಳು ಉಲ್ಲನ್ ತಾನೇ, ಬಿಸಿ ತಡೆಯುತ್ತದೆ ಎಂದುಕೊಂಡು ಕಾದ ಹಂಚಿನ ಅಂಚು ಹಿಡಿದಳು. ಚೌಕ ಮುದುಡಿ ಹಂಚಿಗೆ ಅಂಟಿಕೊಂಡಿತು, ಮನೆಯೆಲ್ಲ ಪ್ಲಾಸ್ಟಿಕ್ ನಾತ. ಬೆರಳು ಉಳಿದದ್ದು ಪುಣ್ಯ. ಆ ಕಲೆ ಇನ್ನೂ ಹೋಗಿಲ್ಲ, ಬಂದವರಿಗೆಲ್ಲ ತೋರಿಸುತ್ತಾಳೆ. ಹೊಸಬರು ಮೊಟ್ಟಮೊದಲು ಮಾಡುವುದೇ ಇಂಥ ಚೌಕಗಳನ್ನು, ಅವು ನೇರವಾಗಿ ಹೋಗುವುದು ಅಡುಗೆಮನೆಗೆ. ಅದಕ್ಕೆ ಹತ್ತಿ ನೂಲೇ ಆಗಬೇಕು, ಅದೂ ಎರಡು ಪದರ. ಅಕ್ರಿಲಿಕ್ ಬಟ್ಟೆಗೆ ಬಿಸಿ ಇಸ್ತ್ರಿಯೂ ಸಲ್ಲದು. ಒಮ್ಮೆ ಆವಿ ತಾಗಿ ಜೋತುಬಿದ್ದರೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ನಿಜವಾದ ಉಣ್ಣೆಯಲ್ಲೇ ಕಲಿಯಬೇಕೆನ್ನುವವರು ಕಲಿಯಲಿ, ಕೈಗೆ ಅದರಷ್ಟು ಕ್ಷಮಾಗುಣವುಳ್ಳ ನೂಲು ಇನ್ನೊಂದಿಲ್ಲ. ಹಿಗ್ಗುತ್ತದೆ, ಮರಳಿ ಕುಗ್ಗುತ್ತದೆ, ಬಿಗಿ ಸಡಿಲಗಳನ್ನು ತೊಳೆದಾಗ ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಬಿಸಿನೀರಿನಲ್ಲಿ ಉಜ್ಜಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗಿ ರಟ್ಟಾಗುತ್ತದೆ. ಮೆತ್ತಗಿದೆಯೇ ಎಂದು ಬೆರಳಿನಿಂದ ನೋಡಬೇಡಿ, ದುಡಿದ ಬೆರಳಿಗೆ ಎಲ್ಲವೂ ಮೆತ್ತಗೆ. ಕುತ್ತಿಗೆಗೆ ಉಜ್ಜಿ ನೋಡಿ. ಮುಂಬಯಿಯಲ್ಲಿ ಅದನ್ನು ಹಾಕಿಕೊಳ್ಳುವ ದಿನ ಎಷ್ಟು ಎಂಬುದನ್ನು ಮಾತ್ರ ನೀವೇ ಲೆಕ್ಕ ಹಾಕಿ. ಪುಣೆಯಲ್ಲಿರುವ ನನ್ನ ತಮ್ಮನ ಮನೆಯಲ್ಲಾದರೆ ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಹೊತ್ತು ಬೇಕಾಗುತ್ತದೆ.

ನಮ್ಮ ಹವೆಗೆ ಹೊಂದುವುದು ಹತ್ತಿ. ಈ ಊರಿನ ತೇವದ ಗಾಳಿಯಲ್ಲಿ ಹತ್ತಿಯ ಎಳೆ ಕಡಿಮೆ ಕಡಿಯುತ್ತದೆ, ಗಿರಣಿಗಳಿಗೆ ಅದೊಂದು ಅನುಕೂಲವೇ ಆಗಿತ್ತು. ಒದ್ದೆಯಾದರೆ ಹತ್ತಿಗೆ ಬಲ ಹೆಚ್ಚು, ಉಣ್ಣೆಗೆ ಕಡಿಮೆ. ಆದರೆ ಹತ್ತಿಗೆ ಹಿಗ್ಗು ಇಲ್ಲ. ಹೊಸಬನ ಬಿಗಿ ಕೈಗೆ ಹತ್ತಿ ನೂಲು ಕೊಟ್ಟರೆ ಸಂಜೆಗೆ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತದೆ, ಮಾಡಿದ ತಪ್ಪುಗಳೆಲ್ಲ ಒಂದೊಂದಾಗಿ ಎದ್ದು ಕಾಣುತ್ತವೆ. ಎರಡು ಚೌಕ ಅಕ್ರಿಲಿಕ್ಕಿನಲ್ಲಿ ಪಳಗಿ ಆಮೇಲೆ ಹತ್ತಿಗೆ ಬನ್ನಿ.

ನಾನೂ ಹಾಗೆ ಬಂದೆ. ಬೆಕ್ಕಿನ ಆಸೆ ಬಿಟ್ಟ ಮೊಮ್ಮಗಳಿಗೆ ಹತ್ತಿ ನೂಲಿನ ಹೆಗಲ ಚೀಲ ಮಾಡಿಕೊಡುವುದೆಂದು ನಿಶ್ಚಯವಾಯಿತು. ಈ ಸಲ ಎಲ್ಲವನ್ನೂ ನೋಡಿಯೇ ಕೊಂಡೆ. ತಿಳಿ ನೀಲಿ, ನುಣುಪು, ಹುರಿ ಹದವಾಗಿದೆ, ಚೀಟಿ ಇದೆ. ಲಾಟ್ ನಂಬರನ್ನಂತೂ ಕನ್ನಡಕ ಬದಲಿಸಿ ನೋಡಿದೆ. ಒಂದೇ ಬಣ್ಣದ ಹೆಸರಿದ್ದರೂ ಬೇರೆ ಬೇರೆ ದಿನ ಬೇರೆ ಬೇರೆ ಹಂಡೆಯಲ್ಲಿ ಅದ್ದಿದ ನೂಲಿಗೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಅಂಗಡಿಯ ಹಳದಿ ದೀಪದಲ್ಲಿ ಕಾಣದು, ಬಿಸಿಲಿಗೆ ಹಿಡಿದರೆ ಬಟ್ಟೆಯಲ್ಲಿ ಪಟ್ಟೆ ಬಿದ್ದಿರುತ್ತದೆ. ಗಿರಣಿಯಲ್ಲಿ ಲಾಟ್ ಬೆರೆಸಿದವನ ಗತಿ ನೋಡಿದವನು ನಾನು. ನಾಲ್ಕೂ ಉಂಡೆಗಳ ಲಾಟ್ ಒಂದೇ ಎಂದು ಖಾತ್ರಿ ಮಾಡಿಕೊಂಡು, ಅಂಗಡಿಯ ಹುಡುಗನಿಗೆ ಲಾಟಿನ ಮಹತ್ವದ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಮಾಡಿ ಬಂದೆ.

ವಹಿನಿಯವರ ನಮೂನೆಯಲ್ಲಿ ಚೀಲಕ್ಕೆ 200 ಗ್ರಾಮ್ ಎಂದಿತ್ತು. ನಾನು ತಂದದ್ದು 50 ಗ್ರಾಮಿನ ನಾಲ್ಕು. ಲೆಕ್ಕ ಸರಿಯಾಗಿತ್ತು. ಆದರೆ ಆ ನಮೂನೆ ಅಕ್ರಿಲಿಕ್ಕಿನದು. ಹತ್ತಿ ಅಕ್ರಿಲಿಕ್ಕಿಗಿಂತ ಭಾರ. ಅಷ್ಟೇ ದಪ್ಪದ, ಅಷ್ಟೇ ತೂಕದ ನೂಲಿನಲ್ಲಿ ಹತ್ತಿಗೆ ಉದ್ದ ಕಡಿಮೆ ಬರುತ್ತದೆ. ಒಂಬತ್ತು ವರ್ಷ ಕೌಂಟ್ ತೂಗಿದವನು, ಮೇಲೆ ನಿಮಗೆಲ್ಲ ಗ್ರಾಮ್ ಬಿಡಿ ಮೀಟರ್ ನೋಡಿ ಎಂದು ಬರೆದವನು, ಅಂಗಡಿಯಲ್ಲಿ ಗ್ರಾಮ್ ನೋಡಿ ಬಂದಿದ್ದೆ. ಚೀಲ ಮುಗಿಯಿತು, ನೂಲೂ ಮುಗಿಯಿತು, ಹೆಗಲ ಪಟ್ಟಿ ಉಳಿಯಿತು. ಈಗ ನಮ್ಮ ಮನೆಯಲ್ಲಿ ಪಟ್ಟಿಯಿಲ್ಲದ ಹೆಗಲ ಚೀಲವೊಂದಿದೆ. ಹೆಂಡತಿ ಅದರಲ್ಲಿ ಬೆಳ್ಳುಳ್ಳಿ ಹಾಕಿಟ್ಟಿದ್ದಾಳೆ.

ದಾದರಿನ ಅಂಗಡಿಯಲ್ಲಿ ಆ ಲಾಟ್ ಮುಗಿದಿದೆ. ಥಾಣೆ, ಕಲ್ಯಾಣ ಎರಡೂ ಕಡೆ ಕೇಳಿದೆ. ಬೇರೆ ಲಾಟಿನದ್ದು ಹಾಕಿದರೆ ಯಾರಿಗೂ ಗೊತ್ತಾಗದು ಎನ್ನುತ್ತಾರೆ ವಹಿನಿ. ನನಗೆ ಗೊತ್ತಾಗುತ್ತದೆ. ಬೇರೆ ಬಣ್ಣದ ಪಟ್ಟಿಯೇ ಇರಲಿ ಎಂದು ಮೊಮ್ಮಗಳು ನನ್ನ ಕಪ್ಪು ಕಂಬಳಿಹುಳುವಿನ ಉಂಡೆಯನ್ನು ಕಪಾಟಿನಿಂದ ಹೊರಗೆ ತೆಗೆದಿದ್ದಾಳೆ. ಅದನ್ನು ಕಂಡರೇ ನನಗೆ ಬೆವರು ಬರುತ್ತದೆ.

ಆದ್ದರಿಂದ ಎರಡು ವಿನಂತಿಗಳು. ಮೊದಲನೆಯದು ನಿಮಗೆ: ಮುಂದಿನ ಸಲ ಅಕ್ರಿಲಿಕ್ ನೂಲಿಗೆ ಅಕ್ರಿಲಿಕ್ ನೂಲು ಎಂದೇ ಅಚ್ಚು ಹಾಕಿ, ಲೇಖನವನ್ನು ಸಾಧ್ಯವಾದರೆ ಎಲ್ಲರೂ ಓದುವ ಪುಟದಲ್ಲಿ ಹಾಕಿ. ಎರಡನೆಯದು ಓದುಗರಿಗೆ: ತಿಳಿ ನೀಲಿ ಬಣ್ಣದ, 50 ಗ್ರಾಮಿನ, ಲಾಟ್ 614 ಎಂದು ಚೀಟಿಯಿರುವ ಹತ್ತಿ ನೂಲಿನ ಉಂಡೆ ಯಾರ ಮನೆಯಲ್ಲಾದರೂ ಮೂಲೆಯಲ್ಲಿ ಬಿದ್ದಿದ್ದರೆ, ದಯವಿಟ್ಟು ಪತ್ರಿಕೆಯ ಕಚೇರಿಗೆ ತಿಳಿಸಿ. ಒಂದೇ ಉಂಡೆ ಸಾಕು. ದುಡ್ಡು ಕೊಟ್ಟೇ ಒಯ್ಯುತ್ತೇನೆ. ಶಾಲೆ ಜೂನ್ ಮಧ್ಯದಲ್ಲಿ ಶುರುವಾಗುತ್ತದೆ, ಪಟ್ಟಿ ಹಾಕಲು ನನಗೆ ನಾಲ್ಕು ದಿನ ಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಗಿರಣಿ ಕಾರ್ಮಿಕ, ಡೊಂಬಿವಲಿ ಪೂರ್ವ

(ಹೆಸರು, ವಿಳಾಸ ಬೇರೆ ಹಾಳೆಯಲ್ಲಿದೆ. ಪ್ರಕಟಿಸಬೇಡಿ. ನಮ್ಮ ಖಾತೆಯವರಲ್ಲಿ ಇನ್ನೂ ಐದಾರು ಮಂದಿ ಬದುಕಿದ್ದಾರೆ.)